ಜೋಳದ ಹೊಲದಲ್ಲಿ ಒಂಬತ್ತು ತಗ್ಗು

ಸಿಟ್ಟು ಬಂದ ತಕ್ಷಣ ಎದುರಿಗಿದ್ದವರನ್ನು ಬಯ್ದು, ಮರುಗಳಿಗೆಯಲ್ಲಿ ಅವರ ಜೊತೆಯೇ ಚಹಾ ಕುಡಿಯುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಸಿಟ್ಟು ಹಾಗಲ್ಲ. ಬಯ್ಯಬೇಕಾದವನು ಬಂದು, ಕೂತು, ಉಂಡು, ಎಲೆ ಅಡಿಕೆ ಹಾಕಿಕೊಂಡು, ಬಸ್ಸು ಹತ್ತಿ ಹೋದ ಮೇಲೆ ಅದು ನಿಧಾನವಾಗಿ ಏಳುತ್ತದೆ. ಆಗ ಬಚ್ಚಲಲ್ಲಿ ನಿಂತು, ಅವನಿಗೆ ಹೇಳಬೇಕಿದ್ದ ಮಾತುಗಳನ್ನೆಲ್ಲ ತಂಬಿಗೆಗೆ ಹೇಳುತ್ತೇನೆ. ಮಸ್ಕಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಸಹೋದ್ಯೋಗಿಗಳು ನನ್ನನ್ನು ಸಮಾಧಾನದ ಮನುಷ್ಯ ಅನ್ನುತ್ತಾರೆ. ಎಲ್ಲಿಯ ಸಮಾಧಾನ? ಈ ಸಲದ ಸುಗ್ಗಿ ಮುಗಿದಾಗಿನಿಂದ ನಾನು ಒಳಗೊಳಗೇ ಕುದಿಯುತ್ತಿದ್ದೇನೆ. ಕಾರಣ ಗಾಲ್ಫ್. ನಗಬೇಡಿ. ಟಿವಿಯಲ್ಲಿ ಕ್ರಿಕೆಟ್ ಹುಡುಕುವಾಗ ಅಡ್ಡ ಬರುತ್ತದಲ್ಲ, ಹತ್ತು ಜನ ಉಸಿರು ಬಿಗಿಹಿಡಿದು ಒಂದು ಚೆಂಡನ್ನೇ ನೋಡುತ್ತ ನಿಂತಿರುತ್ತಾರಲ್ಲ, ಅದೇ ಆಟ. ಅದು ನನ್ನ ಹೊಲಕ್ಕೆ ನುಗ್ಗಿತು.

ಹೊಲದ ವಿಷಯ ಮೊದಲು ಹೇಳಿಬಿಡುತ್ತೇನೆ. ಸಂತೆಕಲ್ಲೂರಿನ ರಸ್ತೆಗೆ, ಬಂಡೆಗುಡ್ಡದ ಬುಡದಲ್ಲಿ ನನಗೆ ನಾಲ್ಕು ಎಕರೆ ಕಪ್ಪು ಎರೆಭೂಮಿ ಇದೆ. ಅದನ್ನು ಹನಮವ್ವ ಎಂಬ ಹೆಣ್ಣುಮಗಳು ಹನ್ನೆರಡು ವರ್ಷದಿಂದ ಪಾಲಿಗೆ ಮಾಡುತ್ತಾಳೆ. ಎತ್ತು, ಬೀಜ, ಬೆವರು ಅವಳದು, ಭೂಮಿ ನನ್ನದು. ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತುತ್ತಾಳೆ, ರಾಶಿಯಾದ ಮೇಲೆ ಸಮ ಅರ್ಧ. ಎರಡೂ ಮನೆಯ ವರ್ಷದ ರೊಟ್ಟಿ ಅದರಲ್ಲೇ ಆಗಬೇಕು. ಅಂಗಡಿಯ ಜೋಳದ ರೊಟ್ಟಿ ನನ್ನ ಹೆಂಡತಿಗೆ ಸೇರುವುದಿಲ್ಲ. ತಟ್ಟುವಾಗಲೇ ಹರಿಯುತ್ತದೆ ಎನ್ನುತ್ತಾಳೆ.

ಈ ವ್ಯವಸ್ಥೆಗೆ ಕೈಹಾಕಿದವನು ನನ್ನ ಹೆಂಡತಿಯ ತಮ್ಮ ವಿರೂಪಾಕ್ಷಿ. ಸಿಂಧನೂರಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾನೆ. ಪಂಪು ಮಾರಿಕೊಂಡು ಸುಮ್ಮನಿದ್ದರೆ ದೇವರಂಥ ಮನುಷ್ಯ. ಆದರೆ ವರ್ಷಕ್ಕೊಮ್ಮೆ ಅವನಿಗೊಂದು ಯೋಚನೆ ಬರುತ್ತದೆ. ಹಿಂದೊಮ್ಮೆ ಎಮು ಹಕ್ಕಿ ಸಾಕಿದ್ದ. ಅವು ಅವನನ್ನು ಕುಕ್ಕಿದ ಗುರುತು ಇನ್ನೂ ಮೊಣಕಾಲಲ್ಲಿದೆ. ಈ ಸಲ ಹೈದರಾಬಾದಿನ ಯಾವುದೋ ಮದುವೆಯಲ್ಲಿ ಗಾಲ್ಫ್ ಆಡುವ ಮೂವರು ದೊಡ್ಡ ಮನುಷ್ಯರ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದನಂತೆ. ಅವರಿಗೆ ಸಮುದ್ರದ ದಂಡೆಯ ಮೈದಾನಗಳೆಲ್ಲ ಬೇಸರ ಬಂದಿವೆಯಂತೆ. ಒಳನಾಡಿನಲ್ಲಿ, ಯಾರೂ ಕಾಣದ ಚಂದದ ಜಾಗ ಹುಡುಕಿಕೊಂಡು ಊರೂರು ತಿರುಗುತ್ತಾರಂತೆ. ಮರುದಿನವೇ ವಿರೂಪಾಕ್ಷಿ ನಮ್ಮ ಮನೆಯಲ್ಲಿ ಹಾಜರು.

“ಮಾವಾರ, ನಿಮ್ಮ ಹೊಲದಂಥಾ ಜಾಗಾ ಇಡೀ ಜಿಲ್ಲಾದಾಗ ಇಲ್ರಿ. ಹಿಂದ ಗುಡ್ಡ, ಮುಂದ ಬಯಲು. ಹಟ್ಟಿಯಾಗ ತಗ್ಗು ತೋಡಿ ಬಂಗಾರ ತಗೀತಾರ. ನಾವು ಒಂಬತ್ತು ತಗ್ಗು ತೋಡಿ, ಅದರಾಗ ಚೆಂಡು ಬೀಳಿಸಿ ಬಂಗಾರ ತಗಿಯೋಣು. ಈ ವರ್ಷ ಬಿತ್ತಬ್ಯಾಡ್ರಿ ಅಷ್ಟ. ಉಳಿದದ್ದು ನನಗ ಬಿಡ್ರಿ, ನೀವೇನು ಫಿಕರ್ ಮಾಡಬ್ಯಾಡ್ರಿ.”

ನನಗೆ ಸಿಟ್ಟು ಬಂತು. ನಾಲ್ಕು ಎಕರೆ ಎರೆಯನ್ನು ಬಿತ್ತದೆ ಬಿಡಬೇಕೆ? ಯಾರೋ ಮೂವರು ಕೋಲು ಹಿಡಿದು ಅಡ್ಡಾಡಲಿ ಅಂತ? ಇದನ್ನೆಲ್ಲ ಅವನು ಹೋದ ಮೇಲೆ ಬಚ್ಚಲಲ್ಲಿ ಬಹಳ ಚೆನ್ನಾಗಿ ಹೇಳಿದೆ. ಹೊರಗೆ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಅವನ ಮುಂದ ಹ್ಞೂಂ ಅಂದು, ಈಗ ನೀರಿನ ಮುಂದ ಬೈಯಾಕತ್ತೀರೇನು? ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲೇನ್ರಿ ನಿಮಗ?” ಎಂದಳು. ತಮ್ಮ ಅವಳದು, ಬಯ್ಗುಳ ನನಗೆ.

ತಗ್ಗು ತೋಡುವ ಕೆಲಸ ಹನಮವ್ವನಿಗೇ ಬಂತು. ವಿರೂಪಾಕ್ಷಿ ಒಂಬತ್ತು ಕಡೆ ಸುಣ್ಣ ಹಾಕಿ, ಇಲ್ಲೆಲ್ಲ ತಗ್ಗು ಮಾಡಿ ಎಂದು ಹೇಳಿ ಸಿಂಧನೂರಿಗೆ ಹೋದ. ಎಷ್ಟು ಆಳ, ಎಷ್ಟು ಅಗಲ ಎಂದು ಹೇಳುವ ಬುದ್ಧಿ ಅವನಿಗಿರಲಿಲ್ಲ. ಹನಮವ್ವನೂ ಅವಳ ಜೊತೆಯ ಹೆಣ್ಣುಮಕ್ಕಳೂ ಉದ್ಯೋಗ ಖಾತ್ರಿಯಲ್ಲಿ ಸಾವಿರಾರು ಸಸಿಯ ತಗ್ಗು ತೋಡಿದವರು. ತಗ್ಗು ಎಂದರೆ ಅವರಿಗೆ ಒಂದೇ ಅಳತೆ. ಸಂಜೆ ನಾನು ಹೋಗಿ ನೋಡಿದರೆ ಒಂಬತ್ತು ತಗ್ಗುಗಳು ಒಂದೂವರೆ ಅಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಆಳ, ಮೂಲೆಗಳು ಪೆಟ್ಟಿಗೆಯಷ್ಟು ನೆಟ್ಟಗೆ. “ಆಳ ಒಂಚೂರು ಕಮ್ಮಿ ಆದ್ರ ಅಳತಿ ಮಾಡೋರು ಒಪ್ಪಂಗಿಲ್ರಿ ಸರ್. ಬರೋಬ್ಬರಿ ಅದಾವ, ನೋಡ್ರಿ,” ಎಂದು ಟೇಪು ಹಿಡಿದು ತೋರಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: “ಸಸಿ ಯಾವಾಗ ಬರ್ತಾವ್ರಿ?” ಸಸಿ ಬರುವುದಿಲ್ಲ, ಚೆಂಡು ಬರುತ್ತದೆ ಎಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲು ಇಷ್ಟವಿಲ್ಲ. “ಮತ್ತ ಜೋಳ?” ಎಂದಳು. “ನೋಡೋಣು,” ಎಂದೆ.

ಇನ್ನು ಹುಲ್ಲು. ತಗ್ಗಿನ ಸುತ್ತ ಹಸಿರು ಹುಲ್ಲಿರಬೇಕು, ಅದಿಲ್ಲದೆ ಗಾಲ್ಫ್ ಆಗುವುದಿಲ್ಲ ಎಂದು ಮೊಬೈಲಿನಲ್ಲಿ ಓದಿದ ವಿರೂಪಾಕ್ಷಿ ಗೊರೇಬಾಳದಿಂದ ಒಂದು ಗಾಡಿ ಭತ್ತದ ಸಸಿ ತರಿಸಿದ. ಸಿಂಧನೂರಿನವನಿಗೆ ಹಸಿರು ಎಂದರೆ ಕಾಲುವೆ, ಕಾಲುವೆ ಎಂದರೆ ಭತ್ತ. ಹೆಣ್ಣುಮಕ್ಕಳು ನೀರು ನಿಲ್ಲದ ಹೊಲದಲ್ಲಿ ಸಾಲು ಹಿಡಿದು ನಾಟಿ ಮಾಡಿದರು. ಒಂದು ದಿನ ಚಂದ ಕಂಡಿತು. ಎರಡನೆಯ ದಿನ ಬಾಡಿತು. ಮೂರನೆಯ ದಿನ ಕುರುಬರ ಆಡುಗಳು ಬಂದು ಉಳಿದದ್ದನ್ನು ಮುಗಿಸಿದವು. ಅಷ್ಟೂ ದಿನ ನಾನು ಕೋಪದಿಂದ ಕುದಿಯುತ್ತಿದ್ದೆ, ಯಾಕೆಂದರೆ ಒಳ್ಳೆಯ ಮಳೆಯಾಗಿತ್ತು. ಎರೆಯ ಹದ, ಬಿತ್ತಲು ಬೇಕಾದ ಆ ಹಸಿ, ನಮಗಾಗಿ ಕಾಯುತ್ತ ಕೂಡುವುದಿಲ್ಲ. ಅಕ್ಕಪಕ್ಕದ ಹೊಲದವರೆಲ್ಲ ಬಿತ್ತಿ ಮುಗಿಸಿದ್ದರು. ಹನಮವ್ವ ದಿನಾ ಮುಂಜಾನೆ ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದಳು. “ಹದ ಹೊಂಟೈತ್ರಿ ಸರ್,” ಎನ್ನುತ್ತಿದ್ದಳು. ಅಷ್ಟೇ.

ವಿರೂಪಾಕ್ಷಿ ಬಂದು ಒಂಬತ್ತು ತಗ್ಗಿಗೂ ಒಂದೊಂದು ಬಾವುಟ ನೆಟ್ಟು ಹೋದ. ಕೊನೆಗೂ ದೊಡ್ಡ ಮನುಷ್ಯರು ಬಂದರು. ರಾತ್ರಿ ಲಿಂಗಸುಗೂರಿನ ಲಾಡ್ಜಿನಲ್ಲಿ ತಂಗಿ, ಬೆಳಿಗ್ಗೆ ಎರಡು ಕಾರಿನಲ್ಲಿ ಹೊಲಕ್ಕೆ ಬಂದಿಳಿದರು. ಬಿಳಿ ಟೊಪ್ಪಿಗೆ, ಬಿಳಿ ಬೂಟು, ಬೆನ್ನಿಗೆ ಹತ್ತಾರು ಕೋಲಿನ ಚೀಲ. ಬಂಡೆಗುಡ್ಡ ನೋಡಿ ಮೂವರೂ ಬೆರಗಾದರು, ಫೋಟೋ ಹೊಡೆದುಕೊಂಡರು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಅವರಲ್ಲಿ ಹಿರಿಯರು ಬೀಸಿ ಹೊಡೆದ ಮೊದಲ ಚೆಂಡು ಇನ್ನೂರು ಹೆಜ್ಜೆ ದೂರ ಹೋಗಿ ಬಿತ್ತು. ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕ ಅದನ್ನು ಎತ್ತಿಕೊಂಡ, ಧೋತರದಲ್ಲಿ ಒರೆಸಿದ, ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದು ಹಿರಿಯರ ಕೈಯಲ್ಲೇ ಇಟ್ಟ. “ಜ್ವಾಕಿರಿ ಯಜಮಾನ್ರ, ಕಳಕೊಂಡೀರಿ,” ಎಂದ. ಅವರು ಮತ್ತೆ ಹೊಡೆದರು. ಅವನು ಮತ್ತೆ ತಂದುಕೊಟ್ಟ. ಬಂದ ಮೆಹಮಾನರ ವಸ್ತು ಹೊಲದಲ್ಲಿ ಬಿದ್ದಿರುವುದನ್ನು ನೋಡಿಯೂ ಸುಮ್ಮನಿರುವ ಜನ ನಮ್ಮ ಕಡೆ ಇಲ್ಲ. ನಾಲ್ಕನೆಯ ಸಲಕ್ಕೆ ಆ ಹಿರಿಯರು ಕೈಮುಗಿದುಬಿಟ್ಟರು. ಮುದುಕನೂ ಕೈಮುಗಿದ. ಇನ್ನೊಬ್ಬರ ಚೆಂಡು ಹೇಗೋ ಉರುಳಿ ತಗ್ಗಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದನ್ನು ತೆಗೆಯಲು ಅವರು ಹೊಟ್ಟೆ ಮೇಲೆ ಮಲಗಿ, ತೋಳನ್ನು ಭುಜದವರೆಗೆ ಇಳಿಸಬೇಕಾಯಿತು. ಎದ್ದಾಗ ಬಿಳಿ ಅಂಗಿಯ ಮುಂಭಾಗವೆಲ್ಲ ಎರೆಮಣ್ಣು.

ಅಷ್ಟರಲ್ಲಿ ಹೊಲದ ಆ ತುದಿಯಿಂದ ಎತ್ತಿನ ಕೊರಳ ಗಂಟೆ ಕೇಳಿಸಿತು. ಹನಮವ್ವ ಕೂರಿಗೆ ಕಟ್ಟಿಕೊಂಡು ಬಂದಿದ್ದಳು. ಯಾರನ್ನೂ ಕೇಳಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಒಂಬತ್ತನೆಯ ತಗ್ಗಿನ ಬಾವುಟ ಕಿತ್ತು ಬದುವಿಗೆ ಒಗೆದು, ಬಿತ್ತತೊಡಗಿದಳು. ಎಂಟನೆಯದು ಹೋಯಿತು, ಏಳನೆಯದು ಹೋಯಿತು, ಅರ್ಧ ಹೊಲ ಬಿತ್ತಿಯಾಯಿತು. ವಿರೂಪಾಕ್ಷಿ ನನ್ನ ರಟ್ಟೆ ಹಿಡಿದು, “ಮಾವಾರ, ಆಕಿನ ನಿಂದ್ರಸ್ರಿ! ಬರೋ ವಾರ ಇನ್ನಾ ಹತ್ತು ಮಂದಿ ಬರ್ತಾರ, ಅರ್ಧನಾದ್ರೂ ಉಳಸ್ರಿ!” ಎಂದ.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟು ಹೊತ್ತು ಹೆಂಡತಿಯ ತಮ್ಮನನ್ನು ಬಯ್ಯುತ್ತ ಬಂದವನು ಒಂದು ಸಂಗತಿಯನ್ನು ನಿಮಗೆ ಹೇಳಲಿಲ್ಲ. ಮೊದಲ ದಿನವೇ ವಿರೂಪಾಕ್ಷಿ ನನ್ನನ್ನು ಗಾಲ್ಫ್ ಕ್ಲಬ್ಬಿನ ಕ್ಯಾಪ್ಟನ್ ಮಾಡಿದ್ದ. ಕೆಂಪು ಟೊಪ್ಪಿಗೆಯ ಮೇಲೆ ಹಳದಿ ದಾರದಲ್ಲಿ ಆ ಪದವನ್ನು ಹೊಲಿಸಿ ತಂದಿದ್ದ. ಇಪ್ಪತ್ತಾರು ವರ್ಷ ಮೇಷ್ಟ್ರೇ ಎನಿಸಿಕೊಂಡವನಿಗೆ ಕ್ಯಾಪ್ಟನ್ ಎಂದರೆ ಏನಾಗುತ್ತದೆ ಎಂಬುದು ನಿಮಗೆ ತಿಳಿಯದು. ಕನ್ನಡಿಯ ಮುಂದೆ ಹಾಕಿ ನೋಡಿಕೊಂಡಿದ್ದೆ. ಆ ಬೆಳಿಗ್ಗೆಯೂ ಅದು ನನ್ನ ತಲೆಯ ಮೇಲಿತ್ತು, ಮತ್ತು ದೊಡ್ಡ ಮನುಷ್ಯರು ನೋಡುತ್ತಿದ್ದರು.

ಹೋಗಿ ಎತ್ತಿನ ಮುಂದೆ ನಿಂತೆ. “ಹನಮವ್ವ, ಇಲ್ಲಿಗೆ ನಿಂದ್ರಸು. ಉಳಿದ ಅರ್ಧ ಬರೋ ವಾರ ಬಿತ್ತಿದ್ರಾತು,” ಎಂದೆ. ಆಕೆ ಕೂರಿಗೆ ನಿಲ್ಲಿಸಿದಳು. ಬಗ್ಗಿ ಒಂದು ಹಿಡಿ ಮಣ್ಣೆತ್ತಿ ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು. “ಬರೋ ವಾರ ಇದು ಇರಂಗಿಲ್ರಿ,” ಎಂದಳು. “ಹೊಲ ನಿಮ್ದು. ನೀವು ಹೇಳಿದಂಗ.” ಎತ್ತು ಬಿಚ್ಚಿಕೊಂಡು ಹೋದಳು. ನಾನು ಕೈ ಝಾಡಿಸಿಕೊಂಡು ಫೋಟೋಕ್ಕೆ ನಿಂತೆ.

ಬರೋ ವಾರ ಹತ್ತು ಮಂದಿ ಬರಲಿಲ್ಲ, ಒಬ್ಬರೂ ಬರಲಿಲ್ಲ. ಹದವೂ ಉಳಿಯಲಿಲ್ಲ. ಎರಡು ಎಕರೆಯಲ್ಲಿ ಜೋಳ ಆಳೆತ್ತರ ಬೆಳೆದು ಬೆಳ್ಳಗೆ ತೆನೆ ಬಿಟ್ಟಿತು. ಉಳಿದೆರಡು ಎಕರೆ ಬಿರಿದು, ಬಾವುಟದ ಕೋಲುಗಳನ್ನು ಹೊತ್ತು ಬಿದ್ದಿತ್ತು.

ರಾಶಿಯ ದಿನ ನಾನು ನಾಲ್ಕು ಖಾಲಿ ಚೀಲ ಹಿಡಿದು ಹೋದೆ. ಹನಮವ್ವ ಎಲ್ಲ ಜೋಳವನ್ನೂ ತನ್ನ ಚೀಲಗಳಿಗೆ ತುಂಬಿ ಬಾಯಿ ಹೊಲಿಯುತ್ತಿದ್ದಳು. “ನನ್ನ ಅರ್ಧ ಎಲ್ಲೈತಿ ಹನಮವ್ವ?” ಎಂದೆ. ಅವಳು ದಬ್ಬಣ ಹಿಡಿದ ಕೈಯಿಂದಲೇ ಬೋಳು ನೆಲದ ಕಡೆ ತೋರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೂ ಅನುಕೂಲವಾಗುತ್ತಿತ್ತು.

“ಅಲ್ಲೈತಲ್ರಿ ಸರ್. ಬಿತ್ತಿದ್ದು ನಂದು, ಬಿತ್ತಬ್ಯಾಡ ಅಂದದ್ದು ನಿಮ್ದು. ಎರಡೆರಡು ಎಕರೆ. ಪಾಲು ಬರೋಬ್ಬರಿ ಆತಿಲ್ರಿ?”

ಚೀಲಗಳನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಅಂದಿನಿಂದ ಅಂಗಡಿಯ ಜೋಳದ ಹರಿದ ರೊಟ್ಟಿ ತಿನ್ನುತ್ತ, ಅವಳ ಮಾತಿನಲ್ಲಿ ಒಂದಾದರೂ ತಪ್ಪು ಸಿಕ್ಕೀತೇ ಎಂದು ಹುಡುಕುತ್ತಿದ್ದೇನೆ. ಸಿಕ್ಕಿದ ದಿನ ನೆಟ್ಟಗೆ ಹೋಗಿ ಅವಳ ಮುಖಕ್ಕೇ ಬಯ್ದು ಬರುತ್ತೇನೆ.