ಭಾವನವರ ವೈಫೈ ಸಂಶೋಧನೆ

ನಮ್ಮ ಭಾವನವರ ಮನೆಯಲ್ಲಿ ವೈಫೈ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದೆ. ಬಂದ ನೆಂಟರಿಗೆ ಸಿಗುತ್ತದೆ, ಪಕ್ಕದ ಫ್ಲ್ಯಾಟಿಗೂ ಸಿಗುತ್ತದೆ. ಸಿಗದಿರುವುದು ಅವರ ಲ್ಯಾಪ್‌ಟಾಪಿಗೆ ಮಾತ್ರ!

ಭಾವನವರು ಧಾರವಾಡದವರು, ಮುಂಬಯಿಯ ಸಯನ್ನಿನಲ್ಲಿ ಮನೆ, ವಿಕ್ರೋಳಿಯ ಕಾರ್ಖಾನೆಯಲ್ಲಿ ಇಂಜಿನಿಯರು. ಲ್ಯಾಪ್‌ಟಾಪಿನಿಂದ ಜನ ಬಳಸುವ ಸಿಸ್ಟಮ್ಮನ್ನು ಕಿತ್ತು ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿಕೊಂಡ ದಿನವೇ ವೈಫೈ ಅವರೊಂದಿಗೆ ಠೂ ಬಿಟ್ಟಿತು. ಬರುತ್ತದೆ, ಹೋಗುತ್ತದೆ. ಇರಲಿ ಎನ್ನಬಹುದಿತ್ತು. ಆದರೆ ಮದುವೆಯಾದ ಮೇಲೆ ಹಾಡನ್ನೇ ಬಿಟ್ಟಿದ್ದ ನಮ್ಮ ಅಕ್ಕನನ್ನು ಕನ್ನಡ ಸಂಘದವರು ಭಾನುವಾರ ಆನ್‌ಲೈನಿನಲ್ಲಿ ಹಾಡಲು ಕರೆದಿದ್ದರು. ಹೊಸ ಮೈಕ್ ಹಚ್ಚಬೇಕಾದ್ದು ಇದೇ ಲ್ಯಾಪ್‌ಟಾಪಿಗೆ!

"ರೀಸ್ಟಾರ್ಟ್ ಮಾಡ್ರಿ ಭಾವಾ," ಎಂದೆ.

"ರೀಸ್ಟಾರ್ಟ್ ಮಾಡಿದ್ರ ರೋಗ ಅಡಗಿ ಕೂಡ್ತದ. ಮೂಲ ಹಿಡೀಬೇಕು."

"ಹಂಗಾದ್ರ ಮೊಬೈಲಿನ ಇಂಟರ್ನೆಟ್ ಹಚ್ರಿ."

ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಳ್ಳಲು ಹೇಳಿದವನನ್ನು ನೋಡುವಂತೆ ನನ್ನನ್ನು ನೋಡಿದರು. "ಅದು ಸೋತಂಗ."

ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳನ್ನು ದಿನಪತ್ರಿಕೆಯಂತೆ ಓದಿ ಓದಿ ಮೂಲ ಹಿಡಿದೇಬಿಟ್ಟರು. ಬ್ಯಾಟರಿ ಉಳಿಸಲು ವೈಫೈ ಕಾರ್ಡು ನಿದ್ದೆ ಹೊಡೆಯುತ್ತಿತ್ತಂತೆ! ನಿದ್ದೆ ಬಿಡಿಸಿ, ಆ ಖುಷಿಗೆ ಅಕ್ಕನಿಂದ ಸಿಹಿ ಶಿರಾ ಮಾಡಿಸಿದರು. ಸಂಜೆ ಒಂದು ಅಪ್‌ಡೇಟ್ ಬಂತು, ವೈಫೈ ಹೋಯಿತು. "ಶಿರಾ ಇನ್ನೂ ಮುಗದಿಲ್ಲಲ್ಲ," ಎಂದಳು ಅಕ್ಕ.

ಆಮೇಲೆ ಅನುಮಾನ ಪಕ್ಕದ ಮನೆಯ ಮರಾಠಿ ಅಜ್ಜಿಯ ಮೈಕ್ರೋವೇವ್ ಮೇಲೆ. ಅದು ಗಿರಗಿರ ಎಂದಾಗಲೇ ಸಿಗ್ನಲ್ ಸಾಯುತ್ತದಂತೆ. ಬಾಗಿಲು ತಟ್ಟಿ ವಿನಯದಿಂದ ಕೇಳಿದರು: "ದೋ ದಿನ ಠಂಡಾ ಖಾನಾ ಖಾಯೇಂಗೇ ಕ್ಯಾ? ಟೆಸ್ಟಿಂಗ್ ಹೈ." ಟೆಸ್ಟಿಂಗಿಗಾಗಿ ಎರಡು ದಿನ ತಣ್ಣಗಿನ ಊಟ ಯಾರು ಮಾಡುತ್ತಾರೆ? ಅಜ್ಜಿ ಸಂತೋಷದಿಂದ ಒಪ್ಪಿ, ಆ ಎರಡು ದಿನವೂ ಊಟಕ್ಕೆ ಇವರ ಮನೆಗೇ ಬಂದರು. ವೈಫೈ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ರೇಷ್ಮೆ ಸೀರೆ ಉಟ್ಟು ಕುಳಿತಳು. ಸಂಘದವರು ಅವಳ ಹೆಸರು ಕರೆಯುವ ಹೊತ್ತಿಗೆ ಪರದೆ ನಿಂತುಹೋಯಿತು. "ಇರಲಿ ಬಿಡ್ರಿ, ನನ್ನ ಹಾಡೇನು ದೊಡ್ಡದು," ಎಂದು ಅವಳು ಮೈಕ್ ಬದಿಗಿಟ್ಟಳು. ಆ ಮುಖ ನೋಡಲಾಗಲಿಲ್ಲ.

ಭಾವನವರು ಎದ್ದರು. ತಮ್ಮ ಮೊಬೈಲನ್ನು ಕೇಬಲಿನಿಂದ ಲ್ಯಾಪ್‌ಟಾಪಿಗೆ ಹಚ್ಚಿದರು. ಆ ಕೋಣೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದು ಕಿಟಕಿಯಾಚೆ ಮಾತ್ರ. ಗ್ರಿಲ್ಲಿನ ಸಂದಿಯಲ್ಲಿ ಕೈ ತೂರಿಸಿ, ಉರಿಬಿಸಿಲಿನಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತರು. ಅಕ್ಕ ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳು! ಭಾವನವರು ಕೈ ಇಳಿಸಲೇ ಇಲ್ಲ.

ಹಾಡು ಮುಗಿಯಿತು. "ಹೆಂಗಿತ್ರಿ?" ಎಂದಳು ಅಕ್ಕ, ಹೊಸ ಮದುವಣಗಿತ್ತಿಯ ದನಿಯಲ್ಲಿ.

ಭಾವನವರು ಕೈ ಒಳಗೆಳೆದುಕೊಂಡು ಕಣ್ಣೊರೆಸಿಕೊಂಡರು.

"ಸಿಗ್ನಲ್ ಎಲ್ಲೂ ಕಡೀಲಿಲ್ಲ," ಎಂದರು.