ಹಕ್ಕಿ ಕಾಯುವವನ ಕೈಗೆ ಬಾಲು ಕೊಟ್ಟೆ

ಕೆಲವರು ಮಾಡಿದ ಕೆಲಸಕ್ಕೆ ಒಳ್ಳೆಯ ಹೆಸರು ಬರುತ್ತದೆ, ಕೆಲವರಿಗೆ ಕೆಟ್ಟ ಹೆಸರು ಬರುತ್ತದೆ. ನನಗೆ ಮಾತ್ರ ನಾನು ಮಾಡದೇ ಇದ್ದ ಕೆಲಸಕ್ಕೆ ಹೆಸರು ಬರುತ್ತದೆ. ಇದು ಒಮ್ಮೆ ಆದದ್ದಲ್ಲ, ಆಗುತ್ತಲೇ ಬಂದಿದೆ. ಈಗ ನೆನೆಸಿಕೊಂಡರೂ ನನ್ನ ಮೈ ಉರಿಯುತ್ತದೆ. ಕೇಳಿದವರೆಲ್ಲ ನಗುತ್ತಾರೆ. ಅದಕ್ಕೆ ಇನ್ನಷ್ಟು ಉರಿಯುತ್ತದೆ.

ಯುದ್ಧದ ಕಾಲ, ನಿಜಾಮರ ಸರ್ಕಾರ. ನಾನು ಕೊಪ್ಪಳದ ಸಾಲೆಯಲ್ಲಿ ಡ್ರಿಲ್ ಮಾಸ್ತರ. ಊರ ಕ್ರಿಕೆಟ್ ತಂಡವನ್ನು ತಯಾರು ಮಾಡುವುದೂ ನನ್ನ ತಲೆಗೇ ಬಿದ್ದಿತ್ತು. ವರ್ಷಕ್ಕೊಮ್ಮೆ ಗಂಗಾವತಿಯವರ ಜೊತೆ ಪಂದ್ಯ, ವರ್ಷಕ್ಕೊಮ್ಮೆ ಸೋಲು. ನಮ್ಮವರು ಒಗೆದ ಬಾಲು ಅವರ ಹತ್ತಿರ ಹೋಗಿ ಮುಟ್ಟುವಷ್ಟರಲ್ಲಿ ಅವರು ಒಮ್ಮೆ ಮೀಸೆ ತಿರುವಿಕೊಳ್ಳುತ್ತಿದ್ದರು.

ಆ ವರ್ಷ ತಹಸೀಲ್ದಾರ ಸಾಹೇಬರು ನನ್ನನ್ನು ಕಚೇರಿಗೆ ಕರೆಸಿದರು. "ಮಾಸ್ಟರ್ ಸಾಬ್, ಈ ಸಲ ಗಂಗಾವತಿಯವರ ಮುಂದ ಸೋತ್ರಿ ಅಂದ್ರ ಮೈದಾನ ಬಂದ್. ಪೊಲೀಸ್ ಕುದುರಿಗೆ ಹುಲ್ಲು ಒಟ್ಟಾಕ ಜಾಗಾ ಬೇಕಾಗೇತಿ" ಎಂದರು.

ಆ ಮೈದಾನದ ಕಲ್ಲುಗಳನ್ನು ನಾನೇ ಆರಿಸಿ ತೆಗೆದಿದ್ದೆ. ಅಲ್ಲಿ ಹುಲ್ಲಿನ ಬಣವೆ ಎಂದರೆ ಸಿಟ್ಟು ಬರುವುದಿಲ್ಲವೇ? ಜೋರಾಗಿ ಬಾಲು ಒಗೆಯುವ ಒಬ್ಬನೇ ಒಬ್ಬ ಗಂಡಸು ಸಿಕ್ಕರೆ ಸಾಕು ಎಂದು ಸೈಕಲ್ ಹತ್ತಿ ಹುಡುಕಲು ಹೊರಟೆ.

ಹಕ್ಕಿಗೆ ಬಡೀಬಾರದು

ಕುಕನೂರ ದಾರಿಯಲ್ಲಿ ಸಿಕ್ಕ. ತೆನೆ ಹಿಡಿದ ಜೋಳದ ಹೊಲದ ನಡುವೆ ಅಟ್ಟಣಿಗೆ, ಅದರ ಮೇಲೆ ಹಕ್ಕಿ ಕಾಯುತ್ತ ನಿಂತ ಒಬ್ಬ ಹೊಸ ಮದುವೆಯ ರೈತ. ಕವಣೆ ಹರಿದಿತ್ತೋ ಏನೋ, ಬರಿಗೈಯಿಂದಲೇ ಕಲ್ಲು ಒಗೆಯುತ್ತಿದ್ದ. ಕಲ್ಲು ಹೊಲದ ಆ ಬದುವಿನಾಚೆ ಹೋಗಿ ಬೀಳುತ್ತಿತ್ತು. ನಾನು ಸೈಕಲ್ ಅಲ್ಲೇ ಕೆಡವಿ ಓಡಿದೆ.

ನನ್ನ ಮಾತಿಗೆ ಒಪ್ಪಿ ಸುಗ್ಗಿ ಮುಗಿದ ಮೇಲೆ ಮೈದಾನಕ್ಕೆ ಬಂದ. ಮೊಣಕೈ ಮಡಚಬೇಡ, ಬರೀ ತೋಳಿನಿಂದ ಒಗೆಯಬೇಡ, ಜೋರು ಸೊಂಟದಿಂದ ಬರಲಿ, ಎಡಗಾಲು ಗಟ್ಟಿಯಾಗಿ ಊರು ಎಂದು ಹೇಳಿಕೊಟ್ಟೆ. ಹೇಳಿದ್ದನ್ನೆಲ್ಲ ಕಲಿತ. ಬಾಲು ಸುಂಯ್ ಎಂದು ಹೋಗುತ್ತಿತ್ತು. ಆದರೆ ಪ್ರತಿ ಸಲವೂ ಸ್ಟಂಪಿನ ಒಂದು ಗೇಣು ಆಚೆಗೇ ಹೋಗುತ್ತಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಯಾವಾಗಲೂ ಸರಿಯಾಗಿ ಒಂದೇ ಗೇಣು. ಜೊತೆಗೆ ಪ್ರತಿ ಬಾಲಿಗೂ "ಹೋ ಹೋ" ಎಂದು ಕೂಗು ಬೇರೆ.

"ಯಾಕೋ, ಕಣ್ಣು ಕಾಣಂಗಿಲ್ಲೇನು?" ಎಂದು ರೇಗಿದೆ.

"ಕಾಣ್ತಾವ್ರಿ ಮಾಸ್ತರ್ರ. ಬೇಕಂತ ತಪ್ಪಿಸಾಕತ್ತೀನ್ರಿ. ಹಕ್ಕಿಗೆ ಬಡೀಬಾರದ್ರಿ, ಪಾಪ ಹತ್ತತೈತಿ. ಬಾಜೂಕ ಒಗದು ಎಬ್ಬಸಬೇಕಷ್ಟ."

"ಅಲ್ಲೋ, ಇಲ್ಲಿ ಹಕ್ಕಿ ಎಲ್ಲಿ ಐತಿ? ಸ್ಟಂಪು ಬೀಳದಿದ್ರ ಬ್ಯಾಟು ಹಿಡದಾವ ಔಟ್ ಆಗೂದು ಹೆಂಗೋ?"

ಅವನು ನನ್ನನ್ನು ಸಮಾಧಾನ ಮಾಡಿದ. "ಸುಮ್ನಿರ್ರಿ, ಹಿಂಗ ನಾಕು ಒಗದ್ರ ತಾನ ಎದ್ದು ಹೋಗ್ತಾನ."

ಮೂಲ ಎಲ್ಲಿದೆ

ಕೊನೆಗೆ ನಾನೇ ಒಂದು ಉಪಾಯ ಹುಡುಕಿದೆ. "ತಮ್ಮಾ, ಇವು ಹಕ್ಕಿ ಅಲ್ಲ. ಹೊಲಕ್ಕ ನುಗ್ಗಿದ ಹಂದಿ ಅಂತ ತಿಳಕೋ" ಎಂದೆ. ಅಷ್ಟೇ. ಮರು ಬಾಲಿಗೆ ನಡುವಿನ ಸ್ಟಂಪು ಎರಡು ತುಂಡಾಯಿತು. ಬಡಿಗೇರ ಹೊಸದು ಮಾಡಿಕೊಡುವುದು, ಇವನು ಮುರಿಯುವುದು. ನನ್ನ ಸಂತೋಷಕ್ಕೆ ಮಿತಿ ಇರಲಿಲ್ಲ.

ಬಾಲು ಇಲ್ಲದಿದ್ದರೂ ಮನೆಯಲ್ಲಿ ಓಡಿ ಬಂದು ಒಗೆಯುವುದನ್ನು ರೂಢಿ ಮಾಡು ಎಂದು ಹೇಳಿ ಕಳಿಸಿದೆ. ಆಮೇಲೆ ಅವನು ಬರುವುದೇ ನಿಂತಿತು. ಬಂದವಳು ಅವನ ತಾಯಿ. ಸಾಲೆಯ ಕಟ್ಟೆಯ ಮೇಲೆ ಕೂತು ಶುರು ಮಾಡಿದಳು.

"ಮಾಸ್ತರಪ್ಪಾ, ನನ್ನ ಮಗಗ ಗಾಳಿ ಹೊಕ್ಕೈತಿ. ಹೊಲದಾಗ ಒಬ್ಬನ ಓಡ್ತಾನ, ಜಿಗೀತಾನ, ಕೈ ಗರಗರ ತಿರುವ್ತಾನ. ಕೈಯಾಗ ಏನೂ ಇರಂಗಿಲ್ಲ, ಎದುರಿಗೆ ಯಾರೂ ಇರಂಗಿಲ್ಲ. ಹಂದಿ ಹಂದಿ ಅಂತಾನ. ಸೊಸಿ ಅಂಜಿ ತವರಿಗೆ ಹೊಂಟಾಳ."

"ಅವ್ವಾ, ಅದು ಗಾಳಿ ಅಲ್ಲ, ನಾನು ಕಲಿಸಿದ್ದು" ಎಂದೆ, ಆದಷ್ಟು ಮೆತ್ತಗೆ.

"ಹೌದು, ಅವನೂ ನಿಮ್ಮ ಹೆಸರ ಹೇಳ್ಯಾನ" ಎಂದು ಸೆರಗಿನ ಗಂಟು ಬಿಚ್ಚಿದಳು. "ಹುಲಿಗೆಮ್ಮನ ಗುಡಿಗೆ ಹೋಗಿ ಬಂದೀನಿ. ಅವನ ಕೈಗೆ ದಾರ ಕಟ್ಟೀನಿ. ಇದು ನಿಮಗ, ಕೈ ಚಾಚ್ರಿ. ಮೂಲ ನಿಮ್ಮಲ್ಲೆ ಐತಿ ಅಂತ ಊರಾಗ ಹಿರಿಯರು ಹೇಳ್ಯಾರ."

ಡ್ರಿಲ್ ಮಾಸ್ತರನಾಗಿ ಹುಡುಗರೆದುರಿಗೆ ಕೈಗೆ ದಾರ ಕಟ್ಟಿಸಿಕೊಂಡೆ. ಕಟ್ಟಿಸಿಕೊಳ್ಳದಿದ್ದರೆ ಮಗನನ್ನು ಕಳಿಸುವುದಿಲ್ಲ ಎಂದುಬಿಟ್ಟಳು, ಏನು ಮಾಡಲಿ? ಅದನ್ನು ಕಂಡ ಹೆಡ್ ಮಾಸ್ತರರು ಆ ವಾರವಿಡೀ ನನ್ನ ಹತ್ತಿರ ಕೂತು ಚಹಾ ಕುಡಿಯಲಿಲ್ಲ.

ಸಾಹೇಬರ ಟೊಪ್ಪಿಗೆ

ಪಂದ್ಯಕ್ಕೆ ಮೊದಲು ತಹಸೀಲ್ದಾರ ಸಾಹೇಬರಿಗೆ ತಾವೇ ಪರೀಕ್ಷೆ ಮಾಡುವ ಹುಮ್ಮಸ್ಸು ಬಂತು. ಶೇರವಾನಿ, ಕೆಂಪು ಟೊಪ್ಪಿಗೆ, ಕೈಯಲ್ಲಿ ಬ್ಯಾಟು. ಹಿಂದೆ ಒಬ್ಬ ಜವಾನ ಛತ್ರಿ ಹಿಡಿದು ನಿಂತಿದ್ದ. ನಾನು ನನ್ನವನ ಕಿವಿಯಲ್ಲಿ "ಸಾವಕಾಶ ಒಗಿಯಪ್ಪಾ" ಎಂದು ಬೇಡಿಕೊಂಡೆ.

ಅವನು ದೂರದಿಂದ ಓಡಿ ಬಂದು ಒಗೆದ. ಬಾಲು ನೆಲಕ್ಕೆ ಬಡಿದು ಮೇಲೆದ್ದು ಸಾಹೇಬರ ಟೊಪ್ಪಿಗೆಯನ್ನು ಹಾರಿಸಿಕೊಂಡು ಹೋಯಿತು. ಛತ್ರಿಯನ್ನು ಒಗೆದು ಜವಾನ ಓಡಿದ. ನನ್ನ ನೌಕರಿ ಹೋಯಿತೆಂದು ನಾನು ಕಣ್ಣು ಮುಚ್ಚಿದೆ. ಸಾಹೇಬರು ಬರಿದಲೆಯನ್ನು ಸವರಿಕೊಂಡು "ಶಾಬಾಸ್!" ಎಂದರು. ಆ ಶಾಬಾಸ್ ನನಗಲ್ಲ, ಅವನಿಗೆ.

ಅವರು ಹೋದ ಮೇಲೆ ಅವನನ್ನು ಹಿಡಿದುಕೊಂಡೆ. "ಸರ್ಕಾರದ ಮನಷ್ಯಾ ಅನ್ನೋ ಮರ್ಯಾದಿ ಬ್ಯಾಡೇನು ನಿನಗ?"

ಅವನಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. "ಅವರೇನು ನನಗ ಹೆಣ್ಣು ಕೊಟ್ಟಾರೇನ್ರಿ ಮಾಸ್ತರ್ರ?"

ಹೆಣ್ಣು ಕೊಟ್ಟವರು

ಪಂದ್ಯದ ದಿನ ಗಂಗಾವತಿಯವರು ಬಂಡಿ ಕಟ್ಟಿಕೊಂಡು ಬಂದರು. ನಮ್ಮವನು ಒಗೆಯತೊಡಗಿದ ಮೇಲೆ ಅವರ ಮೀಸೆಗಳೆಲ್ಲ ಇಳಿದವು. ಸ್ಟಂಪುಗಳು ಹಾರಿ ಹಾರಿ ಬಿದ್ದವು. ಕಟ್ಟಕಡೆಗೆ ಅವರು ಗೆಲ್ಲುವುದಕ್ಕೆ ಎರಡೇ ರನ್ನು ಬೇಕು, ನಮಗೆ ಒಂದೇ ವಿಕೆಟ್ಟು ಬೇಕು. ಮೈದಾನದ ಅಂಚಿಗೆ ಹುಲ್ಲಿನ ಬಂಡಿಗಳು ಆಗಲೇ ಬಂದು ನಿಂತಿದ್ದವು.

ಅವರ ಕೊನೆಯ ಆಟಗಾರರು ಬಂದರು. ದೊಡ್ಡ ಹೊಟ್ಟೆ, ಜರಿಯ ರುಮಾಲು, ಕಚ್ಚೆ ಪಂಚೆ. ಗಂಗಾವತಿಯ ಅಕ್ಕಿ ವ್ಯಾಪಾರಿಯಂತೆ. ತಂಡಕ್ಕೆ ಬ್ಯಾಟು ಕೊಡಿಸಿದ್ದರಿಂದ ಅವರನ್ನು ಆಡಿಸದೆ ಗತಿ ಇರಲಿಲ್ಲ. ಬ್ಯಾಟನ್ನು ಹಾರೆಯ ಹಾಗೆ ಹಿಡಿದುಕೊಂಡು ನಿಂತರು. ಗೆದ್ದೆವು ಎಂದುಕೊಂಡೆ.

ನಮ್ಮವನು ಬಾಲನ್ನು ತಂದು ನನ್ನ ಕೈಗಿಟ್ಟ. "ನನ್ನ ಕೈಲೆ ಆಗಂಗಿಲ್ರಿ."

"ಏನಾತೋ?"

"ಅವರು ನಮ್ಮ ಸ್ವಾದರಮಾವಾರ್ರಿ. ಅವರ ಮಗಳನ್ನ ನಾ ಮದಿವಿ ಆಗಿದ್ದು. ಅವರು ಮುಂದ ನಿಂತಾಗ ಹಿಂದಿಂದು ಹಂದಿ ಅಂತ ಹೆಂಗ ತಿಳಕೊಳ್ಳಲ್ರಿ?"

ನಾನು ಕೂಗಾಡಿದೆ. ಕೈ ಮುಗಿದೆ. ಹುಲ್ಲಿನ ಬಂಡಿಗಳನ್ನು ತೋರಿಸಿದೆ. ಕೊನೆಗೆ ಒಪ್ಪಿಕೊಂಡ. ಆದರೆ ಓಡಲಿಲ್ಲ, ಜಿಗಿಯಲಿಲ್ಲ. ನಡೆದುಕೊಂಡು ಬಂದ, ಮಾವನಿಗೆ ಬಗ್ಗಿ ನಮಸ್ಕಾರ ಮಾಡಿದ, ಹಾಗೆ ಬಗ್ಗಿದವನೇ ಬಾಲನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿದ. ನಾನು ತಿದ್ದಿದ ಸೊಂಟ, ತೋಳು, ಎಡಗಾಲು, ನನ್ನ ಇಡೀ ವರ್ಷದ ಗೇಯ್ಮೆ ಎಲ್ಲವೂ ಆ ನಮಸ್ಕಾರದಲ್ಲಿ ಮಣ್ಣುಪಾಲಾಯಿತು.

ಬೆಳಗಿನಿಂದ ಆ ಬಾಲಿನ ಜೋರು ನೋಡಿ ಹೆದರಿದ್ದ ಮಾವ ಮಾತ್ರ, ಅಳಿಯ ತಲೆ ಬಗ್ಗಿಸಿದ ಕೂಡಲೇ ಕಣ್ಣು ಮುಚ್ಚಿ ಬ್ಯಾಟು ಬೀಸಿಬಿಟ್ಟಿದ್ದರು. ಬೀಸಿದ ರಭಸಕ್ಕೆ ಒಂದು ಸುತ್ತು ತಿರುಗಿ ನಿಂತರು. ಬಾಲು ಆಮೇಲೆ ಬಂತು. ಅವರ ಕಾಲ ಪಕ್ಕದಿಂದ ಹಾದು ಹೋಗಿ ಸ್ಟಂಪಿಗೆ ತಾಗಿತು. ಮೇಲಿದ್ದ ಚಿಕ್ಕ ಕಟ್ಟಿಗೆ ಒಂದು ಕ್ಷಣ ಯೋಚಿಸಿ ಕೆಳಗೆ ಬಿತ್ತು.

ನಮ್ಮವನು ಓಡಿದ. ಕುಣಿಯುವುದಕ್ಕಲ್ಲ. "ತಪ್ಪಾತ್ರಿ ಮಾವಾರ" ಎನ್ನುತ್ತ ಬಿದ್ದ ಕಟ್ಟಿಗೆಯನ್ನು ಎತ್ತಿ, ಧೂಳು ಒರೆಸಿ, ಮತ್ತೆ ಸ್ಟಂಪಿನ ಮೇಲಿಟ್ಟು "ಆಡ್ರಿ" ಎಂದ. ಅಂಪಾಯರು ಬೆರಳು ಎತ್ತುವವರೆಗೂ ನಾನು ಅರಚುತ್ತಲೇ ಇದ್ದೆ.

ಗೆದ್ದೆವು. ಮೈದಾನ ಉಳಿಯಿತು. ಹುಲ್ಲಿನ ಬಂಡಿಗಳು ಮರಳಿ ಹೋದವು. ತಹಸೀಲ್ದಾರ ಸಾಹೇಬರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮಾಸ್ಟರ್ ಸಾಬ್, ಕಡೀ ಬಾಲು ಭಾಳ ಛಲೋ ಇತ್ತು. ಇದನ್ನ ಬಿಟ್ಟು ವರ್ಷಪೂರ್ತಿ ಆ ಜೋರಿಂದು ಯಾಕ ಕಲಿಸಿದ್ರಿ? ಮುಂದಿನ ಸಲ ಎಲ್ಲಾರಿಗೂ ಇದನ್ನ ಕಲಿಸ್ರಿ, ಹುಕುಂ."

ನಾನು ಬಾಯಿ ತೆರೆಯುವಷ್ಟರಲ್ಲಿ ಔಟಾದ ಮಾವನೇ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಭಾಳ ಉಪಕಾರ ಆತ್ರಿ ಮಾಸ್ತರ. ನಮ್ಮ ಅಳಿಯಾನ ಕೈ ಮೊದಲ ಭಾಳ ಜೋರಿತ್ತು, ಕಲ್ಲು ಒಗದ್ರ ಬದುವಿನಾಚೆ ಬೀಳ್ತಿತ್ತು. ಒಂದು ವರ್ಷದಾಗ ಮೆತ್ತಗ ಮಾಡಿಬಿಟ್ರಿ."