ಮೆಕ್ಯಾನಿಕ್ ಕಂಡರೆ ಬಾಯಿ ಮುಚ್ಚುವ ಸದ್ದಿಗೆ

ಮಾನ್ಯ ಸದ್ದಿನವರೇ,

ನನ್ನ ಕಾರಿನ ಬಾನೆಟ್ಟಿನ ಕೆಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದು, ಮೊನ್ನೆ ಹೇಳದೆ ಕೇಳದೆ ತೆರಳಿದ ತಮಗೆ ಅನಂತ ನಮಸ್ಕಾರಗಳು. ತಾವೀಗ ಯಾವ ಪುಣ್ಯವಂತರ ಗಾಡಿಯಲ್ಲಿದ್ದೀರೋ ತಿಳಿಯದ ಕಾರಣ ಇದನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ. ಓದಿದವರು ದಯವಿಟ್ಟು ತಮ್ಮ ತಮ್ಮ ಇಂಜಿನ್ನಿಗೂ ಒಮ್ಮೆ ಓದಿ ಹೇಳಬೇಕು.

ಮೊದಲಿಗೆ ತಮ್ಮ ಸಂಕೋಚ ಸ್ವಭಾವವನ್ನು ಕೊಂಡಾಡದೆ ಇರಲಾರೆ. ಮೂರು ಕೈ ದಾಟಿ ಬಂದ ಆ ಕಾರನ್ನು ನಾನು ಕೊಂಡ ದಿನದಿಂದ ತಾವು ಸಿಗ್ನಲ್ಲಿನಲ್ಲಿ, ಏರಿನಲ್ಲಿ, ಮೇಲಧಿಕಾರಿಗಳು ಪಕ್ಕದಲ್ಲಿ ಕುಳಿತಾಗಲಂತೂ ಬಾಯ್ತುಂಬ ಮಾತಾಡಿದಿರಿ. ಗ್ಯಾರೇಜಿನ ಗೇಟು ಕಂಡದ್ದೇ ತಡ, ಬಾಯಿಗೆ ಬೀಗ ಹಾಕಿಕೊಂಡಿರಿ. ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೊತ್ತಿ, ಹಿಡಿಯನ್ನು ಕಿವಿಗಾನಿಸಿ, ಕಣ್ಣು ಮುಚ್ಚಿ ಕಾದದ್ದೇ ಬಂತು. ಕೊನೆಗೆ ಸದ್ದು ಹೇಗಿತ್ತೆಂದು ನಮಗೇ ಮಾಡಿ ತೋರಿಸಲು ಹೇಳಿದ.

ನನ್ನ ದೂರು ಶುರುವಾಗುವುದು ಇಲ್ಲಿಂದ. ತಾವು "ಟಕಟಕ" ಎನ್ನುತ್ತೀರೆಂದು ನಾನು ಮಾಡಿ ತೋರಿಸಿದೆ. ಅವನು ಇಂಜಿನ್ನಿನ ಮೇಲುಮುಚ್ಚಳವಷ್ಟೇ ತೆಗೆದು ಟ್ಯಾಪೆಟ್ ಸೆಟ್ ಮಾಡಿದ. ನನ್ನ ಮಡದಿ "ಕಿರ್ರ್" ಎಂದು ರಾಗ ಎಳೆದಳು. ಫ್ಯಾನ್ ಬೆಲ್ಟ್ ಬದಲಾಯಿತು. ಹಿಂದಿನ ಸೀಟಿನಲ್ಲಿದ್ದ ನನ್ನ ಅತ್ತೆಯವರು ಮಾತ್ರ ಕನ್ನಡಕ ತೆಗೆದಿಟ್ಟು "ಲೊಳ್, ಲೊಳ್, ಲೊಳಕ್" ಎಂದು ಕೆಮ್ಮಿ, ರೋಗ ಇಂಜಿನ್ನಿನ ಒಳಗೇ ಇದೆ, ಗಾಡಿಯನ್ನು ಗುಜರಿಗೆ ಹಾಕಿ ಎಂದರು. ಇಂಜಿನ್ ಹಾಗೆಲ್ಲ ಕೆಮ್ಮುವುದಿಲ್ಲವೆಂದು ಮೆಕ್ಯಾನಿಕ್ ನಕ್ಕ. ನಾನೂ ನಕ್ಕೆ, ಅದೇ ತಪ್ಪಾಯಿತು.

ಅಂದೇ ಮನೆಯಲ್ಲಿ ತೀರ್ಮಾನವಾಯಿತು: ಸದ್ದು ಹೊರಗಿನದಾದರೆ ಕಾರು ಉಳಿಯುತ್ತದೆ, ಒಳಗಿನದಾದರೆ ಗುಜರಿಗೆ ಹೋಗುತ್ತದೆ. ಮಾನ್ಯರೇ, ಆ ಕಾರೆಂದರೆ ನನಗೆ ಪ್ರಾಣ. ಜೀವಮಾನದಲ್ಲಿ ನಾನು ಯಾರನ್ನೂ ಕೇಳದೆ ಕೊಂಡ ಒಂದೇ ವಸ್ತು ಅದು. ಆದ್ದರಿಂದ ಮಾನ ಬಿಟ್ಟು ಬಚ್ಚಲಿನಲ್ಲಿ "ಟಕಟಕ" ಅಭ್ಯಾಸ ಮಾಡಿದೆ. ನ್ಯೂಟ್ರಲ್ಲಿನಲ್ಲಿ ಹೇಗೆ, ಮೂರನೇ ಗೇರಿನಲ್ಲಿ ಹೇಗೆ, ಏಸಿ ಹಾಕಿದರೆ ಹೇಗೆ ಎಂದು ಗ್ಯಾರೇಜಿನಲ್ಲಿ ಸವಿಸ್ತಾರವಾಗಿ ಒದರಿದೆ. ಪಂಕ್ಚರ್ ಹಾಕಿಸಲು ಬಂದವರೊಬ್ಬರು ತಮ್ಮ ಗಾಡಿಯ ಸದ್ದನ್ನೂ ನನ್ನಿಂದಲೇ ಮಾಡಿಸಿದರು. ಅಷ್ಟರಲ್ಲಿ ಮಡದಿ ಪಕ್ಷಾಂತರ ಮಾಡಿ ತಾಯಿಯ ಜೊತೆ ಕೆಮ್ಮತೊಡಗಿದಳು.

ಹೀಗಿರಲು ಕಳೆದ ವಾರ, ಅತ್ತೆಯವರು ಎದುರಿಗೇ ನಿಂತಿದ್ದಾಗ, ಗ್ಯಾರೇಜಿನ ನಟ್ಟನಡುವೆ ತಾವು ಬಾಯಿ ಬಿಟ್ಟಿರಿ. "ಲೊಳ್, ಲೊಳ್, ಲೊಳಕ್." ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೆಕ್ಯಾನಿಕ್ ಅತ್ತೆಯವರಿಗೆ ಕೈ ಮುಗಿದು, ವಾಲ್ವ್ ಸುಟ್ಟಿದೆ, ಒಂದು ಸಿಲಿಂಡರ್ ಕೆಲಸವನ್ನೇ ಮಾಡುತ್ತಿಲ್ಲ, ಇಂಜಿನ್ ಬಿಚ್ಚಲೇಬೇಕು ಎಂದ. ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಗುಜರಿಯವನ ನಂಬರ್ ಹುಡುಕಲು ಮೊಬೈಲ್ ತೆಗೆದೆ.

ಆಗ ಅತ್ತೆಯವರು ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದರು: "ಅಳಿಯಂದಿರೇ, ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ಸರಿ ಅಂತ ನಾಲ್ಕು ಜನರ ಮುಂದೆ ಒಪ್ಕೊಂಡಿದ್ದು ಇದೊಂದೇ. ಇದನ್ನ ಮಾರಕ್ಕೆ ನಾನು ಬಿಡಲ್ಲ."

ಇಂಜಿನ್ ಬಿಚ್ಚಿಯಾಯಿತು, ವಾಲ್ವ್ ಬದಲಾಯಿತು, ತಾವು ಹೊರಟುಹೋದಿರಿ. ಕಾರು ಉಳಿಯಿತು, ಆದರೆ ನನ್ನದಾಗಿ ಉಳಿಯಲಿಲ್ಲ. ಅತ್ತೆಯವರು ಈಗ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಇಂಜಿನ್ ಕೇಳಿಸುವುದಿಲ್ಲವೆಂದು ಹಾಡು ಹಾಕಲು ಬಿಡುವುದಿಲ್ಲ. ಮೆಕ್ಯಾನಿಕ್ ತನಗೆ ಬಗೆಹರಿಯದ ಗಾಡಿ ಬಂದರೆ ಅವರಿಗೇ ಫೋನ್ ಮಾಡಿ, ಫೋನನ್ನು ಇಂಜಿನ್ನಿನ ಬಳಿ ಹಿಡಿಯುತ್ತಾನೆ.

ಆದ್ದರಿಂದ ಮಾನ್ಯರು ದೊಡ್ಡ ಮನಸ್ಸು ಮಾಡಿ ಒಂದೇ ಒಂದು ಸಲ ಮರಳಿ ಬಂದು, ಅತ್ತೆಯವರ ಸಮ್ಮುಖದಲ್ಲಿ ಸ್ಪಷ್ಟವಾಗಿ "ಟಕಟಕ" ಎನ್ನಬೇಕೆಂದು ಬೇಡಿಕೊಳ್ಳುತ್ತೇನೆ. ಅಷ್ಟು ಬಾಯಿ ತಿರುಗದಿದ್ದರೆ "ಕಿರ್ರ್" ಎಂದರೂ ಆದೀತು. ಮಡದಿಯಾದರೂ ನನ್ನ ಕಡೆ ಬರುತ್ತಾಳೆ.

ಇಂತು ತಮ್ಮ ವಿಶ್ವಾಸಿ,
ಮೊನ್ನೆಯವರೆಗೆ ಮಾಲೀಕ, ಸದ್ಯ ಚಾಲಕ

ವಿ.ಸೂ.: ಇಂಜಿನ್ ಆಫ್ ಮಾಡಿದ ಮೇಲೂ ಕಾರಿನೊಳಗೆ ಏನೋ ಗೊಣಗುವ ಸದ್ದು ಕೇಳುತ್ತಿದೆಯೆಂದು ನಿನ್ನೆ ಅತ್ತೆಯವರು ಹೇಳಿದರು. ಅದು ಚಾಲಕನ ಸೀಟಿನಿಂದಲೇ ಬರುತ್ತಿದೆಯೆಂದು ಪತ್ತೆ ಮಾಡಿ, ಇದನ್ನು ರಿಪೇರಿ ಮಾಡಿಸಿ ಪ್ರಯೋಜನವಿಲ್ಲ, ಬದಲಾಯಿಸುವುದೇ ವಾಸಿ ಎಂದು ಮಗಳಿಗೆ ಸಲಹೆ ಕೊಟ್ಟಿದ್ದಾರೆ.